ವ್ಯವಹಾರ ಸಲಹೆಗಾರನಿಗೆ ನಮ್ಮ ಸೀಮೆಯಲ್ಲಿ ಕೆಲಸವುಂಟೆ?



ನಿಮ್ಮ ಮನೆಯಲ್ಲಿ ಬಿ.ಕಾಂ. ಅಥವಾ ಕೃಷಿ ಬಿ.ಎಸ್ಸಿ. ಮುಗಿಸಿದ ಮಗನೋ ಮಗಳೋ ಇದ್ದರೆ ಒಂದು ಮಾತು ಈಗಾಗಲೇ ನಿಮ್ಮ ಕಿವಿಗೆ ಬಿದ್ದಿರಬಹುದು: "ಎಂ.ಬಿ.ಎ. ಓದುತ್ತೇನೆ, ಆಮೇಲೆ ಕನ್ಸಲ್ಟೆಂಟ್ ಆಗುತ್ತೇನೆ." ಡಾಕ್ಟರು, ಮೇಷ್ಟರು, ವಕೀಲರು ಮಾಡುವ ಕೆಲಸ ನೀವು ಕಂಡದ್ದೇ. ಈ ಕನ್ಸಲ್ಟೆಂಟ್ ಎನ್ನುವವನು ಬೆಳಗಾದರೆ ಮಾಡುವುದೇನು, ಅವನಿಗೆ ಸಂಬಳ ಕೊಡುವವರು ಯಾರು, ಅಂಥ ಕೆಲಸ ನಮ್ಮ ಕಡೆ ಉಂಟೋ ಇಲ್ಲವೋ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಓದಿಗಾದರೋ ಲಕ್ಷಗಟ್ಟಲೆ ಹಣ ಬೇಕು. ಅಷ್ಟು ಹಣದ ಮಾತು ಬಂದ ಕೂಡಲೇ ಮನೆಯವರೆಲ್ಲರ ಕಣ್ಣು ಹೊಲದ ಕಡೆಗೆ ಹೋಗುತ್ತದೆ. ಪಹಣಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ಈ ಕಸುಬಿನ ಒಳಹೊರಗನ್ನು ನೀವು ತಿಳಿದಿರುವುದು ಅವಶ್ಯ.

ಸಲಹೆಗಾರ ಮಾಡುವ ಕೆಲಸ

ಒಂದು ಉದಾಹರಣೆಯಿಂದ ಇದನ್ನು ತಿಳಿಯುವುದು ಸುಲಭ. ತೊಗರಿ ಬೆಳೆಯುವ ಹತ್ತಾರು ಹಳ್ಳಿಗಳ ರೈತರು ಸೇರಿ ಒಂದು ಕಂಪನಿ ಕಟ್ಟಿದ್ದಾರೆಂದು ಇಟ್ಟುಕೊಳ್ಳಿ. ತೊಗರಿಯನ್ನು ಹಾಗೆಯೇ ಮಾರುವುದಕ್ಕಿಂತ ಬೇಳೆ ಮಾಡಿ ಮಾರಿದರೆ ಲಾಭ ಹೆಚ್ಚೆಂದು ಎಲ್ಲರ ಅಭಿಪ್ರಾಯ. ಬೇಳೆ ಗಿರಣಿ ಹಾಕಲು ಬ್ಯಾಂಕು ಸಾಲ ಕೊಡುತ್ತೇನೆನ್ನುತ್ತದೆ, ಸಹಾಯಧನವೂ ಬರುವಂತಿದೆ. ಆಡಳಿತ ಮಂಡಳಿಯವರು ಯಂತ್ರ ನೋಡಿಕೊಂಡೂ ಬಂದಿದ್ದಾರೆ. ಈ ಹಂತದಲ್ಲಿ ಒಬ್ಬ ಸಲಹೆಗಾರನನ್ನು ಕರೆಸಿದರೆಂದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾವು ಇಟ್ಟುಕೊಂಡವು. ನಿಮ್ಮೂರಿನ ಅಂಕಿಗಳು ಬೇರೆಯಾಗಿರುತ್ತವೆ.

ಅವನು ಮೊದಲು ವರ್ಷವಿಡೀ ತಪ್ಪದ ಖರ್ಚನ್ನು ಬರೆಯುತ್ತಾನೆ. ಗಿರಣಿ ತಿರುಗಲಿ ಬಿಡಲಿ, ಸಾಲದ ಕಂತು ಮತ್ತು ಬಡ್ಡಿ 6 ಲಕ್ಷ, ಮ್ಯಾನೇಜರ್ ಮತ್ತು ಗುಮಾಸ್ತರ ಸಂಬಳ 4 ಲಕ್ಷದ 20 ಸಾವಿರ, ಕಟ್ಟಡದ ಬಾಡಿಗೆ ಮೊದಲಾದುವು 1 ಲಕ್ಷದ 80 ಸಾವಿರ. ಒಟ್ಟು 12 ಲಕ್ಷ ರೂಪಾಯಿ. ಆಮೇಲೆ ಒಂದು ಕ್ವಿಂಟಲ್ ತೊಗರಿಯ ಲೆಕ್ಕ. ಬೇಳೆ, ನುಚ್ಚು, ಹೊಟ್ಟು ಎಲ್ಲವನ್ನೂ ಮಾರಿ ಬಂದ ಹಣದಲ್ಲಿ ತೊಗರಿಯ ಬೆಲೆ, ಕರೆಂಟು, ಹಮಾಲಿ, ಚೀಲ ಇವನ್ನು ಕಳೆದರೆ ಉಳಿಯುವುದು 300 ರೂಪಾಯಿ. ಹಾಗಾದರೆ 12 ಲಕ್ಷದ ಖರ್ಚು ತೀರಬೇಕಾದರೆ 4,000 ಕ್ವಿಂಟಲ್ ತೊಗರಿ ಗಿರಣಿಗೆ ಬರಬೇಕು. ಅಲ್ಲಿಯವರೆಗೆ ಒಂದು ಕಾಸೂ ಲಾಭವಿಲ್ಲ.

"4,000 ಏನು ಮಹಾ, ನಮ್ಮ ಸದಸ್ಯರ ಹೊಲದಲ್ಲಿ 5,000 ಕ್ವಿಂಟಲ್ ಬೆಳೆಯುತ್ತದೆ" ಎಂದು ಮಂಡಳಿಯವರು ಹೇಳುತ್ತಾರೆ. ಒಳ್ಳೆಯ ಸಲಹೆಗಾರನಾದರೆ ಈ ಮಾತನ್ನು ಕೇಳಿ ತಲೆದೂಗಿ ಎದ್ದು ಹೋಗುವುದಿಲ್ಲ. ಮನೆಮನೆಗೆ ಹೋಗಿ, ಕಳೆದ ವರ್ಷ ಎಷ್ಟು ಬೆಳೆದಿರಿ, ಯಾರಿಗೆ ಕೊಟ್ಟಿರಿ, ಏಕೆ ಕೊಟ್ಟಿರಿ ಎಂದು ಕೇಳುತ್ತಾನೆ. ಕೇಳಿದಾಗ ಗೊತ್ತಾಗುವುದೇನೆಂದರೆ, ಅರ್ಧದಷ್ಟು ಮಾಲು ಬಿತ್ತನೆಯ ಕಾಲಕ್ಕೆ ಬೀಜ ಗೊಬ್ಬರಕ್ಕೆಂದು ಕೈಗಡ ಕೊಟ್ಟ ಅಡತಿ ಅಂಗಡಿಗೇ ಹೋಗಿ ತೀರಬೇಕು. ಕಂಪನಿಯ ಪಾಲಿಗೆ ಉಳಿಯುವುದು 2,500 ಕ್ವಿಂಟಲ್ ಮಾತ್ರ. ಅದರಿಂದ ಬರುವ ಹಣ ಏಳೂವರೆ ಲಕ್ಷ. ಖರ್ಚು 12 ಲಕ್ಷ. ಮೊದಲ ವರ್ಷವೇ ನಾಲ್ಕೂವರೆ ಲಕ್ಷ ನಷ್ಟ.

ಹೊರಗಿನವರ ತೊಗರಿಯನ್ನು ಕೂಲಿಗೆ ಒಡೆದುಕೊಟ್ಟು ಈ ನಷ್ಟ ತುಂಬಬಹುದಲ್ಲವೆ? ತುಂಬಬಹುದು. ಕೂಲಿ ಕೆಲಸದಲ್ಲಿ ಕ್ವಿಂಟಲಿಗೆ 150 ರೂಪಾಯಿ ಉಳಿಯುವುದಾದರೆ ಇನ್ನೂ 3,000 ಕ್ವಿಂಟಲ್ ಹೊರಗಿನಿಂದ ಬರಬೇಕು. ಸುತ್ತಲೂ ಮೂರು ಗಿರಣಿಗಳು ಈಗಾಗಲೇ ಇರುವಲ್ಲಿ ಅಷ್ಟು ಮಾಲು ನಿಮ್ಮ ಬಾಗಿಲಿಗೆ ಬಂದೀತೆ? ಇದನ್ನು ತೂಗಿ ನೋಡಿದ ಸಲಹೆಗಾರ ಮೂರನೆಯ ದಾರಿಯೊಂದನ್ನು ತೋರಿಸುತ್ತಾನೆ. ಈ ವರ್ಷ ಯಂತ್ರವನ್ನೇ ಕೊಳ್ಳಬೇಡಿ. ಇರುವ ಗಿರಣಿಯಲ್ಲೇ ಕೂಲಿ ಕೊಟ್ಟು ಒಡೆಸಿರಿ. ಆಗ ತಪ್ಪದ ಖರ್ಚು 6 ಲಕ್ಷಕ್ಕೆ ಇಳಿಯುತ್ತದೆ. ಕ್ವಿಂಟಲಿಗೆ ಉಳಿಯುವುದು 240 ಆಗುತ್ತದೆ. 2,500 ಕ್ವಿಂಟಲಿಗೆ ಸರಿಯಾಗಿ ಖರ್ಚು ತೀರುತ್ತದೆ. ಮುಂದಿನ ವರ್ಷ 3,500 ಕ್ವಿಂಟಲ್ ಬಂದರೆ ಕೈಯಲ್ಲಿ 2 ಲಕ್ಷದ 40 ಸಾವಿರ ಉಳಿಯುತ್ತದೆ. ಗಿರಣಿ ಹಾಕಿದ್ದರೆ ಅಷ್ಟೇ ಮಾಲಿಗೆ ಒಂದೂವರೆ ಲಕ್ಷ ಕಳೆಯುತ್ತಿತ್ತು. ಮೊದಲು ಮಾಡಬೇಕಾದದ್ದು ಬಿತ್ತನೆ ಕಾಲದಲ್ಲಿ ಸದಸ್ಯರಿಗೆ ಬೀಜ ಗೊಬ್ಬರ ಸಾಲವಾಗಿ ಸಿಗುವ ಏರ್ಪಾಡು, ಯಂತ್ರ ಆಮೇಲೆ ಎಂದು ಬರೆದುಕೊಡುತ್ತಾನೆ.

ಇದೇ ಕನ್ಸಲ್ಟೆಂಟನ ಕೆಲಸ. ಸೂಟು ಬೂಟು, ಇಂಗ್ಲಿಷು, ಕಂಪ್ಯೂಟರಿನ ಚಿತ್ರಪಟ ಇವೆಲ್ಲ ಮೇಲಿನ ಹೊದಿಕೆ. ಒಳಗಿರುವುದು ಕೇಳುವುದು, ಎಣಿಸುವುದು, ಯಜಮಾನನಿಗೆ ಇಷ್ಟವಿಲ್ಲದ ಉತ್ತರ ಬಂದರೂ ಅದನ್ನೇ ಹೇಳುವುದು. ಈ ಮೂರನೆಯದನ್ನು ಯಾವ ಕಾಲೇಜೂ ಕಲಿಸುವುದು ಕಷ್ಟ.

ಕಸುಬು ಹೊಸದೇನಲ್ಲ. ಅಮೆರಿಕದ ಶಿಕಾಗೋದಲ್ಲಿ 1926ರಲ್ಲಿ ಇಂಥ ಸಂಸ್ಥೆಯನ್ನು ಆರಂಭಿಸಿ ಹೆಸರಾದ ಜೇಮ್ಸ್ ಮೆಕಿನ್ಸೆ ಎಂಬವರು ಲೆಕ್ಕಶಾಸ್ತ್ರದ ಪ್ರೊಫೆಸರರಾಗಿದ್ದರು. ಅಂದರೆ ಇದರ ಬೇರು ಕಿರ್ದಿ ಖತಾವಣಿಯಲ್ಲಿಯೇ ಇದೆ. ನಮ್ಮ ದೇಶದಲ್ಲಿ ವ್ಯವಹಾರ ನಿರ್ವಹಣೆಯನ್ನು ಕಲಿಸುವ ಐ.ಐ.ಎಂ. ಎಂಬ ಸಂಸ್ಥೆಗಳು ಮೊದಲು ಕಲ್ಕತ್ತೆ ಮತ್ತು ಅಹಮದಾಬಾದಿನಲ್ಲಿ 1961ರಲ್ಲಿ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದುವು. ಸಣ್ಣ ಉದ್ದಿಮೆದಾರರಿಗೆ ಸಲಹೆ ನೀಡಲೆಂದು ಕರ್ನಾಟಕ ಸರ್ಕಾರವು 1976ರಲ್ಲಿ ಟೆಕ್ಸಾಕ್ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು.

ಬೆಂಗಳೂರಿನ ಕೆಲಸ ಯಾರಿಗೆ?

ರಾಜ್ಯದಲ್ಲಿ ಇಂಥ ಕೆಲಸ ಹೆಚ್ಚಾಗಿರುವುದು ಬೆಂಗಳೂರಿನಲ್ಲಿ ಎಂಬುದರಲ್ಲಿ ಸಂಶಯವಿಲ್ಲ. ಡೆಲಾಯಿಟ್, ಕೆ.ಪಿ.ಎಂ.ಜಿ., ಅಕ್ಸೆಂಚರ್ ಮೊದಲಾದ ದೊಡ್ಡ ಸಂಸ್ಥೆಗಳ ಕಚೇರಿಗಳು ಅಲ್ಲಿವೆ. ಪರದೇಶದ ಬ್ಯಾಂಕುಗಳೂ ಕಾರ್ಖಾನೆಗಳೂ ತಮ್ಮ ಲೆಕ್ಕಪತ್ರ, ವಿಶ್ಲೇಷಣೆ, ಕಂಪ್ಯೂಟರ್ ಕೆಲಸಗಳಿಗಾಗಿ ಸ್ವಂತ ಕಚೇರಿಗಳನ್ನೇ ಅಲ್ಲಿ ತೆರೆದಿವೆ. ಸಂಬಳವೂ ಒಳ್ಳೆಯದೇ.

ಆದರೆ ಬಾಗಿಲು ಎರಡು ಬಗೆಯದು ಎಂಬುದನ್ನು ನೀವು ತಿಳಿಯಬೇಕು. ಯಜಮಾನರ ಎದುರು ಕುಳಿತು ಸಲಹೆ ಹೇಳುವ ಕೆಲಸಕ್ಕೆ ದೊಡ್ಡ ಸಂಸ್ಥೆಗಳು ಬಹುಮಟ್ಟಿಗೆ ಐ.ಐ.ಎಂ.ಗಳಿಂದಲೂ ಅವಕ್ಕೆ ಸಮನಾದ ಕೆಲವೇ ಕಾಲೇಜುಗಳಿಂದಲೂ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅಲ್ಲಿಗೆ ಸೇರಲು ಕ್ಯಾಟ್ ಎಂಬ ಪರೀಕ್ಷೆಯಲ್ಲಿ ದೇಶದ ಲಕ್ಷಾಂತರ ಮಂದಿಯೊಡನೆ ಪೈಪೋಟಿ ಮಾಡಬೇಕು. ಬೆಂಗಳೂರು ಐ.ಐ.ಎಂ.ನ ಎರಡು ವರ್ಷದ ಫೀಸು ಇಪ್ಪತ್ತು ಲಕ್ಷಕ್ಕೆ ಮೇಲಿದೆ. ಅಲ್ಲಿ ಸೀಟು ದೊರೆತವನಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆ ಮುಂದೆ ನೋಡುವುದಿಲ್ಲ, ನೀವೂ ನೋಡಬೇಕಾಗಿಲ್ಲ. ಎರಡನೆಯ ಬಾಗಿಲು ಅಂಕಿಅಂಶಗಳನ್ನು ಕೂಡಿಸಿ ವರದಿ ತಯಾರಿಸುವ ಕಚೇರಿ ಕೆಲಸದ್ದು. ಸಾಧಾರಣ ಕಾಲೇಜಿನ ಎಂ.ಬಿ.ಎ.ಗಳಿಗೂ ಅದು ತೆರೆದಿತ್ತು, ಈಗಲೂ ಇದೆ. ಆದರೆ ವರದಿ ಬರೆಯುವ, ಪಟ್ಟಿ ಕಟ್ಟುವ ಕೆಲಸದಲ್ಲಿ ಬಹಳಷ್ಟನ್ನು ಈಚಿನ ಕಂಪ್ಯೂಟರುಗಳು ತಾವೇ ಮಾಡತೊಡಗಿವೆ. ಹತ್ತು ಮಂದಿ ಹೊಸಬರು ಬೇಕಾಗಿದ್ದಲ್ಲಿ ಇನ್ನು ಮುಂದೆ ಅಷ್ಟು ಮಂದಿ ಬೇಕಾಗುತ್ತಾರೆಂದು ನಂಬಿ ಸಾಲ ಮಾಡುವುದು ಜಾಣತನವಲ್ಲ.

ಇನ್ನು ಹೆಸರಿಲ್ಲದ ಕಾಲೇಜುಗಳ ವಿಚಾರ. ಕೆಲಸ ಖಾತರಿ ಎಂದು ಜಾಹೀರಾತು ಹಾಕುವ ಇಂಥ ಕಡೆ ಓದಿದವರಿಗೆ ಕೊನೆಗೆ ಸಿಗುವುದು ಅನೇಕ ವೇಳೆ ವಿಮೆ ಮಾರುವ, ಸಾಲ ವಸೂಲಿ ಮಾಡುವ, ಫೋನಿನಲ್ಲಿ ಗಿರಾಕಿಗಳನ್ನು ಹುಡುಕುವ ಕೆಲಸ. ಆ ಕೆಲಸಗಳಲ್ಲಿ ಅವಮಾನವೇನೂ ಇಲ್ಲ. ಆದರೆ ಅವಕ್ಕಾಗಿ ಎರಡು ವರ್ಷ ಮತ್ತು ಐದಾರು ಲಕ್ಷ ಏಕೆ? ಬಿ.ಕಾಂ. ಆದ ಮರುದಿನವೇ ಸಿಗುತ್ತವೆ. ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ. ಕಳೆದ ವರ್ಷ ಪಾಸಾದವರಲ್ಲಿ ಹತ್ತು ಮಂದಿಯ ಹೆಸರು ಕೇಳಿ, ಅವರು ಈಗ ಎಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಸಂಬಳಕ್ಕೆ ಇದ್ದಾರೆಂದು ಅವರ ಬಾಯಿಂದಲೇ ಕೇಳಿ ತಿಳಿಯಿರಿ. ಹೆಸರು ಕೊಡಲು ಒಪ್ಪದ ಕಾಲೇಜಿನಿಂದ ಬಂದ ದಾರಿಯಲ್ಲೇ ಹಿಂದಿರುಗುವುದು ಲೇಸು.

ಜಿಲ್ಲೆಯ ಪಟ್ಟಣಗಳಲ್ಲಿ

ಬೆಂಗಳೂರಿನ ಹೊರಗೆ ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಈ ಮೂರು ಕಡೆ ಹೊಸ ಉದ್ದಿಮೆಗಳನ್ನು ಬೆಳೆಸಲು ರಾಜ್ಯ ಸರ್ಕಾರ ಪ್ರಯತ್ನಿಸುತ್ತಿದೆ. ಬೆಳಗಾವಿಯ ಎರಕದ ಕಾರ್ಖಾನೆಗಳು, ಮಂಗಳೂರಿನ ಗೋಡಂಬಿ ಮತ್ತು ಮೀನಿನ ವ್ಯಾಪಾರ, ಹುಬ್ಬಳ್ಳಿಯ ಸಗಟು ಪೇಟೆ ಇವೆಲ್ಲ ಹಳೆಯವೇ. ಇಲ್ಲಿಯ ಮಾಲೀಕರಿಗೆ ಬೇಕಾದ ಸಲಹೆ ಬೇರೆ ತರಹದ್ದು: ಬ್ಯಾಂಕಿಗೆ ಕೊಡುವ ಯೋಜನಾ ವರದಿ, ಜಿ.ಎಸ್.ಟಿ., ಮಾಲಿನ ಗುಣಮಟ್ಟದ ಪ್ರಮಾಣಪತ್ರ, ರಫ್ತಿನ ಕಾಗದಪತ್ರ. ಇದರಲ್ಲಿ ಹೆಚ್ಚಿನದನ್ನು ಚಾರ್ಟರ್ಡ್ ಅಕೌಂಟೆಂಟರೇ ನೋಡಿಕೊಳ್ಳುತ್ತಾರೆ. ಅವರ ಕಚೇರಿಯಲ್ಲಿ ಎರಡು ಮೂರು ವರ್ಷ ದುಡಿದ ಹುಡುಗನಿಗೆ ತಾನೇ ಹತ್ತು ಗಿರಾಕಿಗಳನ್ನು ಹಿಡಿಯುವ ಶಕ್ತಿ ಬರುತ್ತದೆ. ಬರಿಯ ಪದವಿ ಹಿಡಿದು ಬಂದವನಿಗೆ ಯಾವ ಕಾರ್ಖಾನೆಯವನೂ ತನ್ನ ಪುಸ್ತಕ ತೆರೆದು ತೋರಿಸುವುದಿಲ್ಲ.

ಹಳ್ಳಿಯ ಬಾಗಿಲು

ಈಗ ನಮ್ಮ ಮಟ್ಟಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಏಕೆಂದರೆ ಈ ಕೆಲಸ ನಿಮ್ಮ ಮಕ್ಕಳಿಗೂ ಬೇಕು, ನಿಮ್ಮ ಮಾಲಿಗೂ ಬೇಕು.

ರೈತರು ಕೂಡಿ ವ್ಯವಹಾರ ನಡೆಸುವುದು ಕರ್ನಾಟಕಕ್ಕೆ ಹೊಸತಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿಯೇ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಅಡಿಕೆ ಬೆಳೆಗಾರರ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಕೊಂಡ ಕೋಕೋವನ್ನು ಏನು ಮಾಡಬೇಕು, ಕಾರ್ಖಾನೆಗೆ ಎಷ್ಟು ಬೀಜ ಬೇಕು, ಚಾಕೊಲೇಟನ್ನು ಕೊಳ್ಳುವವರು ಯಾರು ಎಂಬ ಲೆಕ್ಕವಿಲ್ಲದೆ ಇಂಥ ಸಾಹಸಕ್ಕೆ ಕೈಹಾಕಲಾಗುವುದಿಲ್ಲ. ಬೆಳೆಗಾರರ ಒಗ್ಗಟ್ಟು ಎಷ್ಟು ಮುಖ್ಯವೋ ಲೆಕ್ಕ ಬಲ್ಲವರ ದುಡಿಮೆಯೂ ಅಷ್ಟೇ ಮುಖ್ಯ.

2002ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು, ರೈತರು 'ಉತ್ಪಾದಕ ಕಂಪನಿ' ಎಂಬ ಹೊಸ ಬಗೆಯ ಸಂಸ್ಥೆ ಕಟ್ಟಲು ಅವಕಾಶ ಮಾಡಲಾಯಿತು. ಈ ಕಾಯಿದೆಯಲ್ಲಿ ನೀವು ಗಮನಿಸಬೇಕಾದ ಮಾತೊಂದಿದೆ. ಪ್ರತಿಯೊಂದು ಉತ್ಪಾದಕ ಕಂಪನಿಗೂ ಪೂರ್ಣಕಾಲದ ಮುಖ್ಯ ಕಾರ್ಯನಿರ್ವಾಹಕನೊಬ್ಬ ಇರಲೇಬೇಕು. ಅವನನ್ನು ಸದಸ್ಯರಲ್ಲದವರಿಂದ ಆರಿಸಬೇಕು. ಅಂದರೆ ಕಂಪನಿ ಎಷ್ಟಿದೆಯೋ ಅಷ್ಟು ಕೆಲಸಗಳನ್ನು ಕಾಯಿದೆಯೇ ಸೃಷ್ಟಿಸಿದೆ.

2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಆರಂಭಿಸಿತು. 2025ರ ಫೆಬ್ರವರಿಯಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯಲ್ಲಿ ಹತ್ತುಸಾವಿರದೆಯ ಸಂಸ್ಥೆ ನೋಂದಣಿಯಾಯಿತು. ಬಯಲುಸೀಮೆಯಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕೆಂದು ನಿಯಮ. ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿಯವರೆಗೆ ಆಡಳಿತ ವೆಚ್ಚಕ್ಕೆಂದು ನೆರವು. ಈ ಹಣದಲ್ಲಿ ಮುಖ್ಯ ಕಾರ್ಯನಿರ್ವಾಹಕನಿಗೆ ತಿಂಗಳಿಗೆ 25,000 ರೂಪಾಯಿಯವರೆಗೂ ಲೆಕ್ಕಿಗನಿಗೆ 10,000 ರೂಪಾಯಿಯವರೆಗೂ ಸಂಬಳ ಕೊಡಬಹುದು. ಇದಲ್ಲದೆ ಸಂಸ್ಥೆಗಳನ್ನು ಕಟ್ಟಿ ಕೆಲವು ವರ್ಷ ಕೈಹಿಡಿದು ನಡೆಸಲು ಬೇರೆ ಸಲಹಾ ಸಂಸ್ಥೆಗಳನ್ನೂ ನೇಮಿಸಲಾಯಿತು. ವ್ಯಾಪಾರ ನಿರ್ವಹಣೆ, ಬೇಸಾಯ, ಲೆಕ್ಕಪತ್ರ, ಕಾಯಿದೆ ಇವುಗಳನ್ನು ಬಲ್ಲವರಿಗೆ ಅಲ್ಲಿ ಸ್ಥಾನವಿದೆ.

ಇಷ್ಟು ಓದಿ, ಹಾಗಾದರೆ ಮಗನಿಗೆ ಕೆಲಸ ಸಿಕ್ಕಿತೆಂದೇ ತಿಳಿಯಬೇಡಿ. ಮೂರು ವರ್ಷ ಮುಗಿದ ಮೇಲೆ ಆ ಸಂಬಳ ಯಾರು ಕೊಡಬೇಕು? ಸಂಸ್ಥೆಯೇ ದುಡಿದು ಕೊಡಬೇಕು. ನೀವೇ ಲೆಕ್ಕ ಹಾಕಿ ನೋಡಿರಿ. ಕಾರ್ಯನಿರ್ವಾಹಕನ ಸಂಬಳ ವರ್ಷಕ್ಕೆ 3 ಲಕ್ಷ, ಲೆಕ್ಕಿಗನದು 1 ಲಕ್ಷದ 20 ಸಾವಿರ. ಒಟ್ಟು 4 ಲಕ್ಷದ 20 ಸಾವಿರ. ಸಂಸ್ಥೆ ನಿಮ್ಮ ಮಾಲನ್ನು ಒಟ್ಟುಗೂಡಿಸಿ ಮಾರಿ, ಕ್ವಿಂಟಲಿಗೆ 100 ರೂಪಾಯಿ ಉಳಿಸಿಕೊಳ್ಳುತ್ತದೆಂದು ಇಟ್ಟುಕೊಂಡರೆ, ಈ ಎರಡು ಸಂಬಳಕ್ಕೇ 4,200 ಕ್ವಿಂಟಲ್ ಬೇಕು. 300 ಸದಸ್ಯರಿದ್ದರೆ ತಲೆಗೆ 14 ಕ್ವಿಂಟಲ್. ನೀವು ಕಳೆದ ಸುಗ್ಗಿಯಲ್ಲಿ ನಿಮ್ಮ ಸಂಸ್ಥೆಗೆ ಎಷ್ಟು ಕ್ವಿಂಟಲ್ ಕೊಟ್ಟಿರಿ? ನಿಮ್ಮ ಅಕ್ಕಪಕ್ಕದವರು? ಷೇರಿನ ಹಣ ಕಟ್ಟಿ, ಸಭೆಗೆ ಬಂದು, ಫೋಟೋ ತೆಗೆಸಿಕೊಂಡು, ಮಾಲನ್ನು ಮಾತ್ರ ಹಳೆಯ ಅಡತಿಗೇ ಹಾಕುವವರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಅಡತಿಯವನು ಕೈಯಲ್ಲಿ ಅಂದೇ ರೊಕ್ಕ ಎಣಿಸುತ್ತಾನೆ, ಸಂಸ್ಥೆ ಹದಿನೈದು ದಿನ ಕಾಯಿಸುತ್ತದೆ. ಆ ಹದಿನೈದು ದಿನವನ್ನು ಮೂರು ದಿನಕ್ಕೆ ಇಳಿಸುವುದು ಹೇಗೆ ಎಂದು ಕಂಡುಹಿಡಿಯುವ ಮನುಷ್ಯನೇ ನಿಮಗೆ ಬೇಕಾದ ವ್ಯವಹಾರ ಸಲಹೆಗಾರ. ಅಂಥವನು ತನ್ನ ಸಂಬಳವನ್ನು ತಾನೇ ದುಡಿಯುತ್ತಾನೆ. ಕಾಗದ ಬರೆದು ಸಹಾಯಧನ ತರುವುದಷ್ಟನ್ನೇ ಬಲ್ಲವನ ಕೆಲಸ ಸಹಾಯಧನದೊಂದಿಗೇ ಮುಗಿಯುತ್ತದೆ.

ಕೆಲಸಕ್ಕೆ ತಕ್ಕ ಹಣ ಎಂಬ ಪದ್ಧತಿಯೂ ನಮ್ಮ ಜಿಲ್ಲೆಗಳಿಗೆ ಬಂದಿದೆ. ಕಿರು ಆಹಾರ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ 'ಜಿಲ್ಲಾ ಸಂಪನ್ಮೂಲ ವ್ಯಕ್ತಿ' ಎಂಬವರನ್ನು ನೇಮಿಸಿದರು. ಬೆಲ್ಲ, ಎಣ್ಣೆ, ಸಿರಿಧಾನ್ಯ, ಉಪ್ಪಿನಕಾಯಿ ಮಾಡುವವರಿಗೆ ಯೋಜನಾ ವರದಿ ಬರೆದುಕೊಟ್ಟು, ಬ್ಯಾಂಕಿನ ಸಾಲ ಮಂಜೂರು ಮಾಡಿಸಿ, ಪರವಾನಗಿಗಳನ್ನು ಕೊಡಿಸುವುದು ಇವರ ಕೆಲಸ. ಇವರಿಗೆ ತಿಂಗಳ ಸಂಬಳವಿಲ್ಲ. ಒಂದು ಘಟಕಕ್ಕೆ 20,000 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. ಅರ್ಧ ಸಾಲ ಮಂಜೂರಾದ ಮೇಲೆ, ಉಳಿದರ್ಧ ನೋಂದಣಿ ಪರವಾನಗಿ ತರಬೇತಿಗಳು ಮುಗಿದ ಮೇಲೆ. ಚುರುಕಾದ ಹುಡುಗಿ ತಿಂಗಳಿಗೆ ಎರಡು ಘಟಕ ಮುಗಿಸಿದರೆ 40,000. ಕೈಕಟ್ಟಿ ಕುಳಿತವಳಿಗೆ ಸೊನ್ನೆ. ಯೋಜನೆಗಳು ಬರುತ್ತವೆ ಹೋಗುತ್ತವೆ, ಆದರೆ ಹೀಗೆ ಜಿಲ್ಲೆಯನ್ನೆಲ್ಲ ಸುತ್ತಿ ಐವತ್ತು ಘಟಕಗಳನ್ನು ನಿಲ್ಲಿಸಿದವಳಿಗೆ ಬ್ಯಾಂಕಿನವರ ಪರಿಚಯವೂ ಮಾರುಕಟ್ಟೆಯ ತಿಳಿವಳಿಕೆಯೂ ಉಳಿಯುತ್ತವೆ.

ಕೃಷಿ ಪದವಿ ಪಡೆದವರಿಗೆ ಇನ್ನೊಂದು ದಾರಿಯಿದೆ. ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆ 2002ರಲ್ಲಿ ಆರಂಭವಾಯಿತು. 45 ದಿನಗಳ ತರಬೇತಿ ಪಡೆದು, ಬ್ಯಾಂಕಿನ ಸಾಲದಿಂದ ಸ್ವಂತ ಸಲಹಾ ಕೇಂದ್ರವನ್ನೋ ಮಣ್ಣು ಪರೀಕ್ಷೆಯ ಘಟಕವನ್ನೋ ಬಾಡಿಗೆ ಯಂತ್ರಗಳ ಕೇಂದ್ರವನ್ನೋ ತೆರೆಯಬಹುದು. ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ.

ಎಲ್ಲಿ ಓದಿಸುವುದು, ಹಣ ಹೇಗೆ?

ರೈತರ ವ್ಯವಹಾರವನ್ನೇ ಮುಖ್ಯವಾಗಿಟ್ಟುಕೊಂಡು ಕಲಿಸುವ ಕಡೆಗಳಿವೆ. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕೃಷಿ ವ್ಯವಹಾರದ ಎಂ.ಬಿ.ಎ. ಉಂಟು. ಹೈದರಾಬಾದಿನ ಮ್ಯಾನೇಜ್, ಪುಣೆಯ ವೈಕುಂಠ ಮೆಹ್ತಾ ಸಹಕಾರ ನಿರ್ವಹಣಾ ಸಂಸ್ಥೆ ಇವುಗಳಲ್ಲಿಯೂ ಇಂಥ ಶಿಕ್ಷಣವಿದೆ. ಹಾಲಿನ ಸಹಕಾರಕ್ಕೆ ಹೆಸರಾದ ವರ್ಗೀಸ್ ಕುರಿಯನ್ನರು 1979ರಲ್ಲಿ ಗುಜರಾತಿನ ಆನಂದದಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆ 'ಇರ್ಮಾ' 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಸಹಕಾರಿ ಸಂಸ್ಥೆಗಳೂ ಗ್ರಾಮೀಣ ಬ್ಯಾಂಕಿಂಗ್ ಸಂಸ್ಥೆಗಳೂ ಅಲ್ಲಿ ಓದಿದವರನ್ನು ಹುಡುಕಿಕೊಂಡು ಬರುತ್ತವೆ. ರಾಜ್ಯದ ಸಾಧಾರಣ ಎಂ.ಬಿ.ಎ. ಸೀಟುಗಳಿಗೆ ಪಿ.ಜಿ.ಸಿ.ಇ.ಟಿ. ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಬಂದು ಸರ್ಕಾರಿ ಸೀಟು ದೊರೆತರೆ ಖರ್ಚು ಬಹಳ ಕಡಿಮೆಯಾಗುತ್ತದೆ. ಆಡಳಿತ ಮಂಡಳಿಯ ಕೋಟಾದಲ್ಲಿ ಸೀಟು ಕೊಡಿಸುತ್ತೇನೆಂದು ಬರುವ ದಲ್ಲಾಳಿಯನ್ನು ಮನೆಯೊಳಗೆ ಕರೆಯಬೇಡಿ.

ಸಾಲದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿರಿ. ಐದು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಐದು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 10,600 ರೂಪಾಯಿ. ಹತ್ತು ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ಸುಮಾರು 13,200. ತಿಂಗಳಿಗೆ 25,000 ಸಂಬಳದಲ್ಲಿ 10,600 ಕಳೆದರೆ ಉಳಿಯುವುದು 14,400. ತಾಲ್ಲೂಕು ಕೇಂದ್ರದಲ್ಲಿ, ಮನೆಯ ಊಟ ಮಾಡಿಕೊಂಡು ಇರುವವನಿಗೆ ಇದು ನಡೆದೀತು. ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಕೊಟ್ಟು ನಡೆಯುವುದು ಕಷ್ಟ. ಅಂಥವರು ಮತ್ತೆ ಊರಿಗೇ ಹಣ ಕೇಳುತ್ತಾರೆ. ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಆ ಕಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲವನ್ನು ಆಸ್ತಿಯ ಅಡಮಾನವಿಲ್ಲದೆ ಕೊಡಲು ಕೇಂದ್ರ ಸರ್ಕಾರದ ಖಾತರಿ ನಿಧಿಯ ಏರ್ಪಾಡು ಇದೆ. 2024ರ ನವೆಂಬರಿನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಸರ್ಕಾರ ಪಟ್ಟಿಮಾಡಿದ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಓದಿನ ಕಾಲಕ್ಕೂ ಆಮೇಲಿನ ಒಂದು ವರ್ಷಕ್ಕೂ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ ಮೂರರ ರಿಯಾಯಿತಿಗೆ ಅರ್ಜಿ ಹಾಕಬಹುದು. ಆದುದರಿಂದ ಐದಾರು ಲಕ್ಷದ ಓದಿಗೆ "ಹೊಲ ಬರೆದುಕೊಡಿ" ಎಂದು ಯಾರಾದರೂ ಹೇಳಿದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಖಾಸಗಿ ಲೇವಾದೇವಿಯವನಿಗೆ ಇದಕ್ಕಾಗಿ ಪಹಣಿ ಕೊಡುವುದಂತೂ ಬೇಡವೇ ಬೇಡ.

ಓದುವ ಮೊದಲೇ ಒಂದೆರಡು ವರ್ಷ ಕೆಲಸ ಮಾಡಿಸುವುದು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೇಲು. ನಿಮ್ಮ ಉತ್ಪಾದಕ ಸಂಸ್ಥೆಯಲ್ಲಿ, ಹಾಲಿನ ಸಂಘದಲ್ಲಿ, ಕೃಷಿ ಪತ್ತಿನ ಸಂಘದಲ್ಲಿ, ಇಲ್ಲವೆ ಪೇಟೆಯ ಎಣ್ಣೆ ಗಿರಣಿಯಲ್ಲಿ ಮಗ ಕಿರ್ದಿ ಬರೆಯಲಿ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಒಕ್ಕೂಟದ ಲೆಕ್ಕವನ್ನು ಮಗಳು ನೋಡಲಿ. ದೊಡ್ಡ ಕಾಲೇಜುಗಳೂ ಆಯ್ಕೆಯಲ್ಲಿ ಇಂಥ ಅನುಭವಕ್ಕೆ ಬೆಲೆ ಕೊಡುತ್ತವೆ. ಅದಕ್ಕಿಂತ ಹೆಚ್ಚಾಗಿ, ತನಗೆ ಈ ಕೆಲಸ ಹಿಡಿಸುತ್ತದೆಯೇ ಇಲ್ಲವೇ ಎಂಬುದು ಹುಡುಗನಿಗೆ ಸಾಲವಿಲ್ಲದೆ ತಿಳಿಯುತ್ತದೆ.

ನಿಮ್ಮಲ್ಲಿಗೆ ಬರುವ ಸಲಹೆಗಾರನನ್ನು ಅರಿಯುವುದು

ವಕೀಲಿಕೆ ಮಾಡಲು ಸನ್ನದು ಬೇಕು, ಚಾರ್ಟರ್ಡ್ ಅಕೌಂಟೆಂಟ್ ಆಗಲು 1949ರ ಕಾಯಿದೆಯಂತೆ ನೋಂದಣಿ ಬೇಕು. ಕನ್ಸಲ್ಟೆಂಟ್ ಎಂದು ಬೋರ್ಡು ಹಾಕಲು ಏನೂ ಬೇಡ. ಆದುದರಿಂದ ನಿಮ್ಮ ಸಂಸ್ಥೆಗೆ ಸಲಹೆಗಾರನೊಬ್ಬ ಬಂದಾಗ ಕೆಲವು ಸಂಗತಿಗಳನ್ನು ನೋಡಿರಿ. ಬರುವ ಸಹಾಯಧನದಲ್ಲಿ ನೂರಕ್ಕೆ ಇಷ್ಟು ಎಂದು ಫೀಸು ಕೇಳುವವನಿಗೆ ನಿಮ್ಮ ಯಂತ್ರ ದೊಡ್ಡದಾದಷ್ಟೂ ಲಾಭ. ಯಂತ್ರ ಬೇಡವೆಂಬ ಮಾತು ಅವನ ಬಾಯಿಂದ ಬಾರದು. ಬೇರೆ ಊರಿನ ವರದಿಗೆ ನಿಮ್ಮೂರಿನ ಹೆಸರು ಹಾಕಿ ತಂದಿದ್ದಾನೆಯೋ ಎಂದು ಪುಟ ತಿರುವಿರಿ. ತುಂಗಭದ್ರೆಯ ಕಾಲುವೆಯೇ ಇಲ್ಲದ ಊರಿನ ವರದಿಯಲ್ಲಿ ಭತ್ತದ ಎಕರೆ ಲೆಕ್ಕ ಕಂಡರೆ ಅದು ಎಲ್ಲಿಂದ ಬಂದಿತೆಂದು ತಿಳಿಯುವುದು ಕಷ್ಟವಲ್ಲ. ವರದಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವಂತೆ ಸಭೆಯಲ್ಲಿ ಕೇಳಿರಿ. ತಾನೇ ಲೆಕ್ಕ ಹಾಕಿದವನು ಹೇಳುತ್ತಾನೆ.

ಪಿ.ಜಿ.ಸಿ.ಇ.ಟಿ. ಪರೀಕ್ಷೆಯ ಅರ್ಜಿ ಮತ್ತು ದಿನಾಂಕಗಳನ್ನು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುತ್ತದೆ. ಕ್ಯಾಟ್ ಪರೀಕ್ಷೆಯ ಅರ್ಜಿಗಳನ್ನು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ ತೆಗೆದುಕೊಂಡು ಪರೀಕ್ಷೆಯನ್ನು ನವೆಂಬರಿನ ಕೊನೆಗೆ ನಡೆಸುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಯಾವ ಯಾವ ಉತ್ಪಾದಕ ಸಂಸ್ಥೆಗಳಿವೆ, ಯಾವುದಕ್ಕೆ ಕಾರ್ಯನಿರ್ವಾಹಕ ಅಥವಾ ಲೆಕ್ಕಿಗ ಬೇಕಾಗಿದ್ದಾನೆ ಎಂಬುದನ್ನು ನಬಾರ್ಡಿನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರಿಂದಲೂ ಕೃಷಿ ಮತ್ತು ತೋಟಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಗಳಿಂದಲೂ ತಿಳಿಯಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ. ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಅವರೇ ಕೇಳಲು ಬಿಡಿ.